ಮೊದಲು ಪೆನ್‌ಡ್ರೈವ್, ಆಮೇಲೆ ಲ್ಯಾಪ್‌ಟಾಪ್

ನನ್ನ ಕೆಲಸ ಕರಡು ತಿದ್ದುವುದು. ದಿನಕ್ಕೆ ಏಳೆಂಟು ಗಂಟೆ ಕನ್ನಡದ ಪುಟಗಳ ಮುಂದೆ ಕೂತಿರುತ್ತೇನೆ. ಕಂಪ್ಯೂಟರ್ ಬಗ್ಗೆ ನನಗೆ ಗೊತ್ತಿರುವುದು, ದಿನಾ ಬಸ್ಸಲ್ಲಿ ಓಡಾಡುವವರಿಗೆ ಎಂಜಿನ್ ಬಗ್ಗೆ ಗೊತ್ತಿರುವಷ್ಟೇ. ಅದಕ್ಕೇ ಈ ವಿಮರ್ಶೆಯಲ್ಲಿ ಸ್ಪೀಡ್ ಟೆಸ್ಟ್ ಅಂಕಿಗಳು ಸಿಗುವುದಿಲ್ಲ. ವಿಂಡೋಸ್ ಬಿಟ್ಟು ಲಿನಕ್ಸ್ ಮಿಂಟ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂಗೆ ಬದಲಾದ ಮೇಲೆ ನನ್ನ ಬೆರಳುಗಳಿಗೆ ಏನಾಯಿತು, ಅದರಿಂದ ಯಾವ ಲ್ಯಾಪ್‌ಟಾಪ್ ಕೊಂಡೆ, ಅಷ್ಟೇ ಇದೆ.

ಹಳೆಯ ಲ್ಯಾಪ್‌ಟಾಪ್ 2017ರದು. ಎಡಗಡೆಯ ಹಿಂಜ್ ಮುರಿದಿತ್ತು. ಪರದೆಯ ಹಿಂದೆ ಎರಡು ದಪ್ಪ ನಿಘಂಟು ಒರಗಿಸಿದರೆ ಮಾತ್ರ ನಿಲ್ಲುತ್ತಿತ್ತು. ಅದನ್ನೂ ಸಹಿಸಿಕೊಂಡಿದ್ದೆ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳು ಮುಗಿದವು. ಹೆಸರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಸುರಕ್ಷತೆಯ ಅಪ್‌ಡೇಟ್ ಸಿಗುತ್ತದೆ, ಅಷ್ಟೇ. ವಿಂಡೋಸ್ 11 ಹಾಕೋಣ ಎಂದರೆ ಅದಕ್ಕೆ ಟಿಪಿಎಂ 2.0 ಎಂಬ ಸುರಕ್ಷತೆಯ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಶನ್‌ನಿಂದ ಈಚಿನ ಚಿಪ್ ಬೇಕು. ನನ್ನದು ಏಳನೇ ಜನರೇಶನ್ನಿನ ಐ5. ಒಂದೇ ಮೆಟ್ಟಿಲು ಕೆಳಗೆ.

"ಸುಮ್ನೆ ಹೊಸದು ತಗೊಂಡ್ಬಿಡಿ ಚಿಕ್ಕಮ್ಮ" ಅಂದ ಅಕ್ಕನ ಮಗ. ಯಾವುದು ತಗೊಳ್ಳಲಿ ಅಂದರೆ ಫೋನಿಗೆ ಹನ್ನೊಂದು ಲಿಂಕ್ ಕಳಿಸಿದ. ಹನ್ನೊಂದೂ ನೋಡಿದೆ. ಎಲ್ಲವೂ ಬೆಳ್ಳಿ ಬಣ್ಣ, ಎಲ್ಲವೂ ತೆಳ್ಳಗೆ. ನನಗೇನು ಬೇಕು ಅನ್ನುವುದೇ ನನಗೆ ಗೊತ್ತಿಲ್ಲ ಅಂತ ಆಗ ಗೊತ್ತಾಯಿತು. ಹಾಗಾಗಿ ಉಲ್ಟಾ ಹೋದೆ. ಮೊದಲು ಹಳೆಯದರಲ್ಲೇ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿ ಎರಡು ತಿಂಗಳು ಕೆಲಸ ಮಾಡುವುದು. ಎಲ್ಲಿ ತೊಡಕಾಗುತ್ತದೋ ಬರೆದಿಟ್ಟುಕೊಳ್ಳುವುದು. ಆ ಚೀಟಿ ಹಿಡಿದು ಅಂಗಡಿಗೆ ಹೋಗುವುದು.

ಮಿಂಟನ್ನೇ ಯಾಕೆ ಆರಿಸಿದೆ ಅನ್ನುವುದಕ್ಕೆ ದೊಡ್ಡ ಕಾರಣವಿಲ್ಲ. ವಿಂಡೋಸಿನ ಹಾಗೇ ಪಟ್ಟಿ ಪರದೆಯ ಕೆಳಗಡೆಯೇ ಇದೆ, ಮೂಲೆಯಲ್ಲಿ ಮೆನು ಇದೆ, ಬಲಗಡೆ ಗಡಿಯಾರ ಇದೆ. ಉಬುಂಟು ಎಂಬ ಇನ್ನೊಂದು ಲಿನಕ್ಸಿನ ದೀರ್ಘಾವಧಿ ಆವೃತ್ತಿಯ ಮೇಲೆ ಕಟ್ಟಿದ್ದಾದ್ದರಿಂದ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಪ್ರತಿ ಆವೃತ್ತಿಗೂ 'ಆ'ಕಾರದಲ್ಲಿ ಮುಗಿಯುವ ಹೆಣ್ಣಿನ ಹೆಸರಿಡುತ್ತಾರೆ. 22 ವಿಲ್ಮಾ, 22.2 ಜಾರಾ. ನನ್ನದು ಜಾರಾ. ಮೂರು ಬಗೆಯ ಡೆಸ್ಕ್‌ಟಾಪ್ ಕೊಡುತ್ತಾರೆ, ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. 8 ಜಿಬಿ ರ‍್ಯಾಮ್ ಇತ್ತು, ಸಿನಮನ್ ಹಾಕಿದೆ, ಒಂದು ದಿನವೂ ತಿಣುಕಲಿಲ್ಲ.

ಸುಮಾರು 3 ಜಿಬಿಯ ಫೈಲ್ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಬರೆದು, ಅದರಿಂದಲೇ ಕಂಪ್ಯೂಟರ್ ಎಬ್ಬಿಸಬಹುದು. ಇದಕ್ಕೆ ಲೈವ್ ಸೆಷನ್ ಅನ್ನುತ್ತಾರೆ. ಒಳಗಿನ ಡಿಸ್ಕನ್ನು ಮುಟ್ಟುವುದಿಲ್ಲ, ಪೆನ್‌ಡ್ರೈವ್ ಕಿತ್ತರೆ ಎಲ್ಲ ಮೊದಲಿನ ಹಾಗೇ. ಈ ಪೆನ್‌ಡ್ರೈವ್ ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಇನ್‌ಸ್ಟಾಲ್ ಮಾಡುವುದು ಅರ್ಧ ಗಂಟೆಯೂ ಹಿಡಿಯಲಿಲ್ಲ. ವಿಂಡೋಸನ್ನು ಅಳಿಸದೆ ಪಕ್ಕದಲ್ಲೇ ಹಾಕಿದೆ. ಮೊದಲ ದಿನದ ಒಂದೇ ತಮಾಷೆ ಎಂದರೆ ಗಡಿಯಾರ. ಲಿನಕ್ಸಿನಿಂದ ವಿಂಡೋಸಿಗೆ ಹೋದಾಗಲೆಲ್ಲ ಸಮಯ ಗಂಟೆಗಟ್ಟಲೆ ಆಚೀಚೆ ಆಗುತ್ತಿತ್ತು. ಬ್ಯಾಟರಿ ಕೆಟ್ಟಿದೆ ಅಂದುಕೊಂಡೆ. ಅದಲ್ಲ. ಮದರ್‌ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಜಾಗತಿಕ ಸಮಯ ಇಡುತ್ತದೆ. ಇಬ್ಬರೂ ಒಂದೇ ಗಡಿಯಾರವನ್ನು ತಿರುಗಿಸುತ್ತಾರೆ. ಲಿನಕ್ಸಿಗೆ ಒಂದು ಸಾಲಿನ ಆಜ್ಞೆ ಕೊಟ್ಟು ಸ್ಥಳೀಯ ಸಮಯಕ್ಕೆ ಒಪ್ಪಿಸಿದೆ.

ನನ್ನ ನಿಜವಾದ ಭಯ ಇದ್ದದ್ದು ಕನ್ನಡದ ಬಗ್ಗೆ. ಇಪ್ಪತ್ತು ವರ್ಷದಿಂದ ಕಗಪ ಕೀಲಿಮಣೆಯಲ್ಲಿ ಟೈಪ್ ಮಾಡುತ್ತಿದ್ದೇನೆ. 'ಕನ್ನಡ' ಅಂತ ಬರೆಯಲು ಬೆರಳು ಯೋಚನೆ ಮಾಡುವುದಿಲ್ಲ. ಕೆ, ಎನ್, ಎಫ್, ಎನ್, ಡಬ್ಲ್ಯೂ. ಒತ್ತಿಗೆ ಎಫ್, ಡಕಾರಕ್ಕೆ ಡಬ್ಲ್ಯೂ. ಈ ವಯಸ್ಸಲ್ಲಿ ಬೇರೆ ಕೀಲಿಮಣೆ ಕಲಿ ಅಂದರೆ ಆಗದ ಮಾತು. ಮಿಂಟ್‌ನಲ್ಲಿ ಐಬಸ್ ಎಂಬ, ಬೇರೆ ಭಾಷೆ ಟೈಪ್ ಮಾಡಿಸುವ ಸಾಫ್ಟ್‌ವೇರ್ ಹಾಕಿ, ಅದರ ಜೊತೆ ಎಂ17ಎನ್ ಅನ್ನುವ ಪ್ಯಾಕೇಜ್ ಹಾಕಿದರೆ ಕನ್ನಡಕ್ಕೆ ಕಗಪ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಎಲ್ಲ ಬರುತ್ತವೆ. ನಾನು ಹಾಕಿದೆ, ಬರಲಿಲ್ಲ. ಮತ್ತೆ ಹಾಕಿದೆ. ಬರಲಿಲ್ಲ. ಕೊನೆಗೆ ನೋಡಿದರೆ ಲಾಗ್ ಔಟ್ ಆಗಿ ಮತ್ತೆ ಒಳಗೆ ಬರಬೇಕಿತ್ತು. ಆ ಸಂಜೆ ಒಂದು ಖಾಲಿ ಪುಟದಲ್ಲಿ ಸುಮ್ನೆ ಒತ್ತಕ್ಷರದ ಪದಗಳನ್ನೇ ಬರೆಯುತ್ತಾ ಕೂತೆ. ಸ್ವಾತಂತ್ರ್ಯ, ಲಕ್ಷ್ಮ್ಯಾ, ರ‍್ಯಾಂಕ್. ರಕಾರದ ಪಕ್ಕ ಯಒತ್ತು ಬರಬೇಕಾದಲ್ಲಿ ಅರ್ಕಾವತ್ತು ಹಾರಿ ಕೂರುತ್ತದೆಯಾ ಅಂತ ಮೂರು ಫಾಂಟ್‌ನಲ್ಲಿ ನೋಡಿದೆ. ಸರಿಯಾಗಿಯೇ ಬಂತು. ಗುಬ್ಬಿ, ನವಿಲು ಅಂತ ಎರಡು ಚೆಂದದ ಫಾಂಟ್‌ಗಳು ಅದರ ಸಾಫ್ಟ್‌ವೇರ್ ಸಂಗ್ರಹದಲ್ಲೇ ಇವೆ ಅಂತ ಗೊತ್ತಾದದ್ದೂ ಅವತ್ತೇ.

ಹಳೆಯ ಕಡತಗಳದು ಬೇರೆ ಕತೆ. ಯೂನಿಕೋಡ್ ಬರುವ ಮೊದಲಿನ ಫಾಂಟ್‌ಗಳಲ್ಲಿ ಕಟ್ಟಿದ ಪುಸ್ತಕಗಳು ನನ್ನ ಹತ್ತಿರ ರಾಶಿ ಇವೆ. ಆ ಫಾಂಟ್ ಇಲ್ಲದೆ ತೆರೆದರೆ ತಲೆಬುಡವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು. ಫಾಂಟ್ ಫೈಲ್ ಮೇಲೆ ಎರಡು ಸಲ ಒತ್ತಿ ಇನ್‌ಸ್ಟಾಲ್ ಕೊಟ್ಟರೆ ಓದಲು ಬರುತ್ತದೆ. ತಿದ್ದಬೇಕಾದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಲೇಬೇಕು. ಪರಿವರ್ತಕ ಎಷ್ಟೇ ಒಳ್ಳೆಯದಿರಲಿ, ಪುಟಕ್ಕೆ ನಾಲ್ಕೈದು ಕಡೆ ಒತ್ತು ಜಾರಿರುತ್ತದೆ. ಲೇಖಕರು ಕಳಿಸುವ ವರ್ಡ್ ಕಡತಗಳಲ್ಲೂ ಒಂದು ತೊಡಕಿದೆ. ಅವು ಸಾಮಾನ್ಯವಾಗಿ ತುಂಗಾ ಅಥವಾ ನಿರ್ಮಲಾದಲ್ಲಿರುತ್ತವೆ. ಅವು ವಿಂಡೋಸ್ ಜೊತೆ ಬರುವ ಫಾಂಟ್‌ಗಳು, ಇಲ್ಲಿಲ್ಲ. ಇಲ್ಲಿ ವರ್ಡ್ ಬದಲಿಗೆ ಬಳಸುವ ಲಿಬ್ರೆ ಆಫೀಸ್ ಬೇರೆ ಫಾಂಟ್ ಹಾಕಿಕೊಳ್ಳುತ್ತದೆ, 112 ಪುಟದ ಪುಸ್ತಕ 117 ಆಗುತ್ತದೆ. ಅರ್ಥ ತಿದ್ದುವವರಿಗೆ ಪರವಾಗಿಲ್ಲ, ಪುಟಸಂಖ್ಯೆ ಹೇಳಿ ಫೋನಲ್ಲಿ ಮಾತಾಡುವವರಿಗೆ ತಲೆನೋವು. ಈಗ ಎಲ್ಲರಿಗೂ ನೋಟೋ ಸೆರಿಫ್ ಕನ್ನಡದಲ್ಲಿ ಕಳಿಸಿ ಎನ್ನುತ್ತೇನೆ. ಅದು ಎರಡೂ ಕಡೆ ಬಿಟ್ಟಿ ಸಿಗುತ್ತದೆ.

ಇನ್ನು ಬೆರಳುಗಳ ವಿಷಯ. ಹೊಸ ಆಪರೇಟಿಂಗ್ ಸಿಸ್ಟಂ ಕಲಿಯಲು ತಲೆಗೆ ಒಂದು ವಾರ ಸಾಕು. ಬೆರಳಿಗೆ ಎರಡು ತಿಂಗಳು ಬೇಕು. ಎದ್ದು ಹೋಗುವಾಗ ವಿಂಡೋಸ್ ಕೀಲಿ ಮತ್ತು ಎಲ್ ಒತ್ತಿ ಪರದೆ ಮುಚ್ಚುವುದು ನನ್ನ ಅಭ್ಯಾಸ. ಇಲ್ಲಿ ಹಾಗೆ ಒತ್ತಿದರೆ ಪ್ರೋಗ್ರಾಂ ಬರೆಯುವವರಿಗೆ ಬೇಕಾದ ಯಾವುದೋ ಒಂದು ಕಿಟಕಿ ಮೇಲಿಂದ ಇಳಿಯಿತು. ಕಂಪ್ಯೂಟರ್ ಹಾಳು ಮಾಡಿದೆನಾ ಅಂತ ಎದೆ ಧಸಕ್ಕೆಂದಿತು. ಇಲ್ಲಿ ಬೀಗಕ್ಕೆ ಕಂಟ್ರೋಲ್, ಆಲ್ಟ್, ಎಲ್. ಬೇಡವೆಂದರೆ ಕೀಬೋರ್ಡ್ ಸೆಟ್ಟಿಂಗ್ಸಿನಲ್ಲಿ ಬದಲಾಯಿಸಬಹುದು, ನಾನು ಬದಲಾಯಿಸಿಕೊಂಡೆ. ತಿದ್ದುಪಡಿ ದಾಖಲಿಸಲು ವರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಇ. ಲಿಬ್ರೆ ಆಫೀಸಿನಲ್ಲಿ ಕಂಟ್ರೋಲ್, ಶಿಫ್ಟ್, ಸಿ. ಇದನ್ನು ಬದಲಾಯಿಸದೆ ಹಾಗೇ ಬಿಟ್ಟೆ, ಯಾಕೋ ಗೊತ್ತಿಲ್ಲ.

ಎಲ್ಲಕ್ಕಿಂತ ದೊಡ್ಡ ಅವಾಂತರ ಮೌಸಿನ ಚಕ್ರದ್ದು. ಮೂರನೇ ವಾರ ಒಂದು ಕಾದಂಬರಿಯ ಕರಡು ತಿದ್ದಿ ಕಳಿಸಿದೆ. ಮರುದಿನ ಲೇಖಕರ ಫೋನು. "ಮೇಡಂ, 64ನೇ ಪುಟದಲ್ಲಿ ಅಜ್ಜಿ ಸತ್ತು ಎರಡು ಪ್ಯಾರಾ ಆದ್ಮೇಲೆ ಮತ್ತೆ ಸಾಯ್ತಾಳಲ್ಲ?" ನೋಡಿದರೆ ನಿಜ. ಅಜ್ಜಿ ಸಾಯುವ ಸಾಲು ಎರಡು ಸಲ ಇದೆ, ಎರಡನೆಯದು ಒಂದು ವಾಕ್ಯದ ಹೊಟ್ಟೆಯೊಳಗೆ. ನಾನು ಬರೆದದ್ದಲ್ಲ, ಅವರು ಬರೆದದ್ದೂ ಅಲ್ಲ. ಅರ್ಧ ದಿನ ಹುಡುಕಿದ ಮೇಲೆ ತಿಳಿಯಿತು. ಲಿನಕ್ಸಿನಲ್ಲಿ ಒಂದಿಷ್ಟು ಪದಗಳನ್ನು ಮೌಸಿನಿಂದ ಆಯ್ದರೆ ಸಾಕು, ಅವು ಒಂದು ಕಡೆ ಉಳಿದಿರುತ್ತವೆ. ಕಾಪಿ ಕೊಡಬೇಕಾಗಿಲ್ಲ. ಆಮೇಲೆ ಎಲ್ಲಾದರೂ ಮೌಸಿನ ಚಕ್ರವನ್ನು ಒತ್ತಿದರೆ ಅಲ್ಲಿ ಅಂಟುತ್ತವೆ. ನನಗೆ ಓದುವಾಗ ಸಾಲಿನ ಮೇಲೆ ಮೌಸ್ ಎಳೆದುಕೊಂಡು ಹೋಗುವ ಚಾಳಿ. ಪುಟ ಸರಿಸುವಾಗ ಚಕ್ರ ಜೋರಾಗಿ ಒತ್ತುವ ಚಾಳಿ. ಎರಡೂ ಸೇರಿ ಅಜ್ಜಿಯನ್ನು ಎರಡು ಸಲ ಕೊಂದವು. ತಿದ್ದುಪಡಿ ದಾಖಲೆ ಆನ್ ಇದ್ದಿದ್ದರೆ ಬಣ್ಣದಲ್ಲಿ ಕಾಣಿಸುತ್ತಿತ್ತು, ಅವತ್ತು ಅದನ್ನೂ ಆನ್ ಮಾಡಿರಲಿಲ್ಲ.

ಇದೇ ಸೌಲಭ್ಯ ಈಗ ನನಗೆ ಬಹಳ ಇಷ್ಟ ಅಂದರೆ ನಗುತ್ತೀರಿ. ಕಂಟ್ರೋಲ್ ಸಿಯಲ್ಲಿ ಒಂದು ಪದ, ಚಕ್ರದಲ್ಲಿ ಇನ್ನೊಂದು. ಎರಡು ಕಿಸೆ ಇದ್ದ ಹಾಗೆ. ಒಂದೇ ಹೆಸರನ್ನು ಲೇಖಕರು ಎರಡು ರೀತಿ ಬರೆದಿದ್ದಾಗ ತಿದ್ದಲು ಇದಕ್ಕಿಂತ ಅನುಕೂಲ ಇಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಪ್ರಿಂಟರ್ ತಾನಾಗಿಯೇ ಬಂತು. ಅಪ್‌ಡೇಟ್‌ಗಳು ಬಂದಿವೆ ಎಂದು ಮೂಲೆಯಲ್ಲಿ ಒಂದು ಗುರಾಣಿ ಚಿತ್ರ ತೋರಿಸುತ್ತದೆ, ಯಾವಾಗ ಹಾಕಬೇಕೆಂಬುದು ನಮ್ಮಿಷ್ಟ. ಟೈಮ್‌ಶಿಫ್ಟ್ ಎಂಬುದು ಸಿಸ್ಟಂನ ಹಿಂದಿನ ಸ್ಥಿತಿಯನ್ನು ಉಳಿಸಿಡುತ್ತದೆ, ಕೆಟ್ಟರೆ ವಾಪಸ್ ಹೋಗಬಹುದು. ಆದರೆ ಅದು ನಿಮ್ಮ ಸ್ವಂತ ಕಡತಗಳ ಬ್ಯಾಕಪ್ ಅಲ್ಲ, ಇದನ್ನು ತಪ್ಪು ತಿಳಿದವರು ಬಹಳ ಜನ. ಫೈಲ್ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಎಂದೇ ಲೆಕ್ಕ. ಕನ್ನಡದಲ್ಲಿ ಆ ರಗಳೆಯೇ ಇಲ್ಲವಲ್ಲ, ಎಲ್ಲ ಫೈಲಿಗೂ ಕನ್ನಡದಲ್ಲೇ ಹೆಸರಿಟ್ಟೆ.

ಎರಡು ತಿಂಗಳಾದ ಮೇಲೆ ಚೀಟಿ ನೋಡಿದೆ. ಪ್ರೊಸೆಸರ್ ಬಗ್ಗೆ ಒಂದು ದೂರೂ ಇರಲಿಲ್ಲ! ಎಂಟು ವರ್ಷ ಹಳೆಯ ಚಿಪ್ ನನ್ನ ಕೆಲಸಕ್ಕೆ ಸಾಕಾಗುತ್ತಿತ್ತು. ಇದ್ದ ದೂರುಗಳೆಲ್ಲ ಬೇರೆಯವು. ಪರದೆ ಅಗಲ ಜಾಸ್ತಿ, ಎತ್ತರ ಕಡಿಮೆ. ಕಿಟಕಿಯ ಬೆಳಕಲ್ಲಿ ನನ್ನ ಮುಖವೇ ಕಾಣುತ್ತದೆ. ಬ್ರೌಸರಿನಲ್ಲಿ ನಿಘಂಟು, ಪಕ್ಕದಲ್ಲಿ ದೊಡ್ಡ ಪಿಡಿಎಫ್ ತೆರೆದರೆ 8 ಜಿಬಿ ತುಂಬುತ್ತದೆ. ಕೀಲಿಗಳ ಅಕ್ಷರ ಸವೆದಿದೆ. ಚಾರ್ಜರ್ ಒಂದು ಮಣ ಭಾರ. ಇದಕ್ಕೆ ಹೊಂದುವ ಲ್ಯಾಪ್‌ಟಾಪ್ ಹುಡುಕಬೇಕಿತ್ತು. ಅಕ್ಕನ ಮಗ ಕಳಿಸಿದ ಹನ್ನೊಂದರಲ್ಲಿ ಒಂಬತ್ತು ಅಲ್ಲೇ ಬಿದ್ದವು.

ಅಂಗಡಿಗೆ ಪೆನ್‌ಡ್ರೈವ್ ತೆಗೆದುಕೊಂಡೇ ಹೋದೆ. ಕೌಂಟರಿನ ಹುಡುಗ ಅನುಮಾನದಿಂದ ನೋಡಿದ.

"ಮೇಡಂ, ಇದ್ರಲ್ಲಿ ವೈರಸ್ ಗಿರಸ್ ಇದ್ರೆ?"

"ಒಳಗಿನ ಡಿಸ್ಕ್ ಮುಟ್ಟಲ್ಲಪ್ಪ ಇದು. ಡೆಮೋ ಪೀಸ್‌ನಲ್ಲೇ ಹಾಕು. ನೀನೇ ಪಕ್ಕದಲ್ಲಿ ನಿಂತ್ಕೊ."

ಪಾಪ, ಒಪ್ಪಿದ. ಮೂರು ಲ್ಯಾಪ್‌ಟಾಪ್ ಎಬ್ಬಿಸಿ ನೋಡಿದೆವು. ಮೊದಲನೆಯದು ಬಹಳ ಚೆಂದ, ಬಹಳ ಹಗುರ. ಲೈವ್ ಸೆಷನ್‌ನಲ್ಲಿ ವೈಫೈ ಪಟ್ಟಿಯೇ ಬರಲಿಲ್ಲ. ಒಳಗಿದ್ದ ವೈಫೈ ಚಿಪ್ ತೀರ ಹೊಸದು, ಅದನ್ನು ನಡೆಸುವ ಡ್ರೈವರ್ ನನ್ನ ಪೆನ್‌ಡ್ರೈವ್‌ನಲ್ಲಿದ್ದ ಲಿನಕ್ಸಿನ ತಿರುಳಿನಲ್ಲಿ, ಅಂದರೆ ಕರ್ನಲ್‌ನಲ್ಲಿ ಇರಲಿಲ್ಲ. ಮನೆಗೆ ತಂದ ಮೇಲೆ ಇದು ಗೊತ್ತಾಗಿದ್ದರೆ? ಎರಡನೆಯದಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್, ಇಟ್ಟಿಗೆಯಂಥ ಚಾರ್ಜರ್, ಫ್ಯಾನ್ ಸದ್ದು. ಅದು ಆಟ ಆಡುವವರಿಗೆ. ಮೂರನೆಯದರಲ್ಲಿ ವೈಫೈ, ಸದ್ದು, ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿ, ಕ್ಯಾಮೆರಾ ಎಲ್ಲ ನೋಡಿ, ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟು ತೆರೆದೆ. ಎದ್ದಿತು. ಮುಚ್ಚಿ ತೆರೆದು ನೋಡುವುದನ್ನು ಮರೆಯಬೇಡಿ. ಕೆಲವು ಲ್ಯಾಪ್‌ಟಾಪ್ ಮಲಗುತ್ತವೆ, ಏಳುವುದಿಲ್ಲ. ಇನ್ನು ಕೆಲವು ಮಲಗುವುದೇ ಇಲ್ಲ, ಬ್ಯಾಗಿನೊಳಗೆ ಬಿಸಿಯಾಗುತ್ತವೆ.

ಕಂಪನಿ, ಮಾಡೆಲ್ ಹೆಸರು ಕೇಳಬೇಡಿ. ಮುಚ್ಚಿಡಲು ಅಲ್ಲ. ಒಂದೇ ಮಾಡೆಲ್ ಹೆಸರಿನಲ್ಲಿ ಎರಡು ಮೂರು ಬಗೆಯ ಪರದೆ, ಬೇರೆ ಬೇರೆ ವೈಫೈ ಚಿಪ್ ಹಾಕಿ ಮಾರುತ್ತಾರೆ. ಹೆಸರು ನೋಡಿ ತಂದರೆ ನನಗೆ ಸಿಕ್ಕಿದ್ದೇ ನಿಮಗೆ ಸಿಗುತ್ತದೆ ಅಂತಿಲ್ಲ. ನೋಡಬೇಕಾದದ್ದು ಡಬ್ಬಿಯ ಹಿಂದಿನ ಸಣ್ಣ ಅಕ್ಷರ. ಪರದೆ 1920 ಗುಣಿಸು 1200 ಚುಕ್ಕಿ (ಪಿಕ್ಸೆಲ್) ಇದ್ದರೆ 1080ಕ್ಕಿಂತ ಎತ್ತರ ಜಾಸ್ತಿ, ಪುಟದಲ್ಲಿ ಮೂರು ನಾಲ್ಕು ಸಾಲು ಹೆಚ್ಚು ಕಾಣುತ್ತದೆ. ದಿನವಿಡೀ ಓದುವವರಿಗೆ ಇದು ಸಣ್ಣ ವಿಷಯವಲ್ಲ. ಮಂಕು ಲೇಪದ ಪರದೆಯೇ ಬೇಕು. ಬೆಳಕು 250 ನಿಟ್ಸ್ ಅಂತಿದ್ದರೆ ಕಿಟಕಿ ಪಕ್ಕ ಕೂರುವವರಿಗೆ ಸಾಲದು, ನನ್ನದು 400.

ಚಿಪ್‌ನ ಹೆಸರಿನಲ್ಲೂ ಒಂದು ಸೂಕ್ಷ್ಮ ಇದೆ. ಅಲ್ಲಿ ಎರಡು ಲ್ಯಾಪ್‌ಟಾಪ್ ಅಕ್ಕಪಕ್ಕ ಇದ್ದವು. ಒಂದರ ಮೇಲೆ ರೈಜೆನ್ 5 7520ಯು, ಇನ್ನೊಂದರ ಮೇಲೆ ರೈಜೆನ್ 5 7530ಯು. ಒಂದೇ ಅಂಕಿ ವ್ಯತ್ಯಾಸ, ನಾನಾದರೆ ಅಚ್ಚಿನ ತಪ್ಪು ಅಂದುಕೊಳ್ಳುತ್ತಿದ್ದೆ. ಆ ಸರಣಿಯಲ್ಲಿ ಮೊದಲ 7 ಬಂದ ವರ್ಷದ ಲೆಕ್ಕ. ಒಳಗಿನ ವಿನ್ಯಾಸ ಎಷ್ಟು ಹೊಸದು ಅನ್ನುವುದು ಮೂರನೇ ಅಂಕಿಯಲ್ಲಿದೆ. 2 ಅಂದರೆ ಜೆನ್ 2, 3 ಅಂದರೆ ಜೆನ್ 3. 7520ರಲ್ಲಿ ನಾಲ್ಕು ಕೋರ್, 7530ರಲ್ಲಿ ಆರು. ಇನ್ನೊಂದು ಮುಖ್ಯ ಮಾತು, 7520 ಕೆಲಸ ಮಾಡುವುದು ಎಲ್‌ಪಿಡಿಡಿಆರ್5 ರ‍್ಯಾಮ್ ಜೊತೆ. ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ. 8 ಜಿಬಿ ಕೊಂಡರೆ ಕೊನೆತನಕ 8 ಜಿಬಿಯೇ. ನಾನು 7530 ಇರುವುದನ್ನು ತಂದೆ, 16 ಜಿಬಿ, ಇನ್ನೊಂದು ಸ್ಲಾಟ್ ಖಾಲಿ.

ಬ್ಯಾಟರಿ ಬಗ್ಗೆ ಜಾಹೀರಾತಿನ ಗಂಟೆಗಳನ್ನು ನಂಬಬೇಡಿ, ವ್ಯಾಟ್ ಅವರ್ ನೋಡಿ. ನನ್ನದು 50. ಟೈಪ್ ಮಾಡುವಾಗ ಸುಮಾರು 8 ವ್ಯಾಟ್ ಎಳೆಯುತ್ತದೆ, ಭಾಗಿಸಿದರೆ ಆರು ಗಂಟೆ. ನಿಜಕ್ಕೂ ಅಷ್ಟೇ ಬರುತ್ತದೆ. ಚಾರ್ಜರ್ ಯುಎಸ್‌ಬಿ ಸಿ, 65 ವ್ಯಾಟ್, ಫೋನಿಗೂ ಅದೇ. ಮಣಭಾರದ ದೂರು ಮುಗಿಯಿತು.

ಹೊಸದರಲ್ಲಿ ಮಿಂಟ್ ಹಾಕುವ ಮೊದಲು ಒಂದು ಕೆಲಸ ಮಾಡಿ. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪುಗಳ ಡಿಸ್ಕ್ ಬಹಳ ಸಲ ಮೊದಲೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುತ್ತದೆ. ಬೂಟ್ ಸೆಟ್ಟಿಂಗ್ ಕೆದಕಿದರೆ ಅದು ರಿಕವರಿ ಕೀ ಕೇಳಬಹುದು. 48 ಅಂಕಿ. ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ, ಆದರೂ ನಾನು ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆದಿಟ್ಟುಕೊಂಡಿದ್ದೆ. ಕೇಳಿತು, ಹೊಡೆದೆ, ತಪ್ಪು ಅಂದಿತು. ಮತ್ತೆ ಹೊಡೆದೆ. ಮತ್ತೆ ತಪ್ಪು. ಊರವರ ತಪ್ಪು ತಿದ್ದುವವಳು ಒಂದು ಅಂಕಿ ತಪ್ಪಾಗಿ ಬರೆದುಕೊಂಡಿದ್ದೆ! ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಒಂದು ಒಳ್ಳೆಯ ಮಾತು ಹೇಳಿದ. ಆ 48 ಅಂಕಿ ಆರಾರರಂತೆ ಎಂಟು ಗುಂಪು, ಪ್ರತಿ ಗುಂಪೂ 11ರಿಂದ ಪೂರ್ತಿ ಭಾಗವಾಗಲೇಬೇಕು. ಕ್ಯಾಲ್ಕುಲೇಟರ್ ಹಿಡಿದು ಒಂದೊಂದೇ ಭಾಗಿಸಿದೆ. ಐದನೇ ಗುಂಪು ಆಗಲಿಲ್ಲ. 346791 ಅಂತ ಬರೆದಿದ್ದೆ ಅಂದುಕೊಳ್ಳಿ, ನಿಜವಾದ ಅಂಕಿ ಇಲ್ಲಿ ಹೇಳುವುದಿಲ್ಲ. ಕೊನೆಯ 1 ನನ್ನ ಕೈಬರಹದ 7. 346797 ಅಂದರೆ 11 ಗುಣಿಸು 31527, ಪೂರ್ತಿ. ಬಾಗಿಲು ತೆರೆಯಿತು.

ಕೊಂಡು ನಾಲ್ಕು ತಿಂಗಳಾಯಿತು. ಹೊಸ ಲ್ಯಾಪ್‌ಟಾಪಿನ ಕುಂದುಗಳೂ ಇವೆ. ಬೆರಳಚ್ಚು ಓದುವ ಗುಂಡಿ ಲಿನಕ್ಸಿನಲ್ಲಿ ಕೆಲಸ ಮಾಡುವುದಿಲ್ಲ. ಅಂಗಡಿಯಲ್ಲಿ ಅದೊಂದನ್ನು ನೋಡಲು ಮರೆತಿದ್ದೆ. ಸ್ಪೀಕರ್ ಹೊಟ್ಟೆಯಡಿ ಇದೆ, ತೊಡೆಯ ಮೇಲಿಟ್ಟರೆ ಮೂಗು ಮುಚ್ಚಿಕೊಂಡು ಮಾತಾಡಿದಂತೆ ಕೇಳಿಸುತ್ತದೆ. ಮೇಲೆ ಕೆಳಗೆ ಹೋಗುವ ಬಾಣದ ಕೀಲಿಗಳು ಅರ್ಧ ಗಾತ್ರ, ಸಾಲಿನಿಂದ ಸಾಲಿಗೆ ಓಡಾಡುವ ನನ್ನಂಥವಳಿಗೆ ಕಿರಿಕಿರಿ. ರಾತ್ರಿ ಮುಚ್ಚಿಟ್ಟರೆ ಬೆಳಗ್ಗೆಗೆ ಬ್ಯಾಟರಿ ಶೇಕಡಾ ಏಳೆಂಟು ಇಳಿದಿರುತ್ತದೆ. ಪರದೆಗೆ, ಕೀಲಿಗಳ ಮೆತ್ತಗಿನ ಒತ್ತಿಗೆ ಮಾತ್ರ ಹತ್ತಕ್ಕೆ ಹತ್ತು. ಮಿಂಟ್‌ಗೆ ಹತ್ತಕ್ಕೆ ಎಂಟೂವರೆ ಕೊಡುತ್ತೇನೆ. ಒಂದೂವರೆ ಕಳೆದದ್ದು ಕನ್ನಡದ ಕೀಲಿಮಣೆ ಮೊದಲ ದಿನವೇ ಸಿದ್ಧವಿಲ್ಲದ್ದಕ್ಕೆ.

ಹಳೆಯ ಲ್ಯಾಪ್‌ಟಾಪ್ ಎಸೆದಿಲ್ಲ. ನಿಘಂಟುಗಳಿಗೆ ಒರಗಿಕೊಂಡು ಮೇಜಿನ ಮೂಲೆಯಲ್ಲೇ ಇದೆ. ಅದರ ವಿಂಡೋಸ್ 10ಕ್ಕೆ ಇಂಟರ್ನೆಟ್ ಕೊಟ್ಟಿಲ್ಲ. ತಿಂಗಳಿಗೊಮ್ಮೆ ಯಾರಾದರೂ ಹಳೆಯ ಫಾಂಟಿನ ಪುಸ್ತಕ ಕೇಳಿದಾಗ ಅದನ್ನು ತೆರೆಯುತ್ತೇನೆ. ಮೊನ್ನೆ ತೆರೆದೆ. ಒಂದು ಸಾಲು ಆಯ್ದು, ಕೆಳಗೆ ಬಂದು ಚಕ್ರ ಒತ್ತಿದೆ. ಏನೂ ಅಂಟಲಿಲ್ಲ, ಪುಟ ಮಾತ್ರ ತಾನೇ ತಾನಾಗಿ ಸರಿಯತೊಡಗಿತು. ಇನ್ನೊಂದು ಸಲ ಒತ್ತಿದೆ.